ಸಮುದ್ರದ ತನಕ

ನಮ್ಮ ಊರು ಆರಗ. ಸಾಂಗಲಿ ಜಿಲ್ಲೆಯ ಮಿರಜ ತಾಲೂಕಿನ ಪೂರ್ವಭಾಗದಲ್ಲಿ, ಕರ್ನಾಟಕದ ಗಡಿಗೆ ಹತ್ತಿಕೊಂಡಂತಿರುವ ಊರು. ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಮರಾಠಿ. ಎಲೆಬಳ್ಳಿಯ ತೋಟ, ದ್ರಾಕ್ಷಿ, ಅರಿಷಿಣ ಇವೇ ನಮ್ಮ ಸುತ್ತಿನ ಬೆಳೆಗಳು. ಸಾಂಗಲಿಯ ಮಾರ್ಕೆಟ್ ಯಾರ್ಡಿನಲ್ಲಿ ನಮ್ಮದೊಂದು ಅಡತ್ ಅಂಗಡಿ. ಅರಿಷಿಣ ಮತ್ತು ಬೇದಾಣಾ ವ್ಯಾಪಾರ. ನಮ್ಮ ಅಂಗಡಿಯ ಮುಂದೆ ಸೌದೆಯಾದ ಅರಿಷಿಣ ಮುಂಬಯಿಗೆ ಹೋಗಿ ಅಲ್ಲಿಂದ ಹಡಗು ಹತ್ತುತ್ತಿತ್ತು. ಆದರೆ ಅದನ್ನು ಮಾರಿದ ನಮ್ಮ ಮನೆಯವರು ಮೂರು ತಲೆಮಾರು ಸಮುದ್ರವನ್ನೇ ಕಂಡಿರಲಿಲ್ಲ.

ನಕಾಶೆಯಲ್ಲಿ ನೋಡಿದರೆ ಸಮುದ್ರ ನಮಗೇನೂ ದೂರವಲ್ಲ. ಕೊಲ್ಹಾಪುರ ದಾಟಿ ಘಾಟು ಇಳಿದರೆ ಕೊಂಕಣ ಬಂತು. ಆದರೆ ನಡುವೆ ಸಹ್ಯಾದ್ರಿ ಗೋಡೆಯ ಹಾಗೆ ನಿಂತಿದೆ. ಸಮುದ್ರದಿಂದ ಬರುವ ಮೋಡವೆಲ್ಲ ಅಲ್ಲಿಯೇ ಖಾಲಿಯಾಗುತ್ತದೆ. ಘಾಟಿನ ತಲೆಯ ಮೇಲಿರುವ ಗಗನಬಾವಡಾದಲ್ಲಿ ವರ್ಷಕ್ಕೆ ಐದು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ. ನಮ್ಮ ಕಡೆ ಅದರ ಸುಮಾರು ಹತ್ತರಲ್ಲೊಂದು ಪಾಲು. ನಮ್ಮ ಕೃಷ್ಣೆಯಾದರೂ ಹಾಗೆಯೇ. ಮಹಾಬಳೇಶ್ವರದಲ್ಲಿ ಹುಟ್ಟುವಾಗ ಪಶ್ಚಿಮ ಸಮುದ್ರ ಅವಳಿಗೆ ಸುಮಾರು 64 ಕಿಲೋಮೀಟರ್ ಅಷ್ಟೇ. ಆದರೆ ಅದಕ್ಕೆ ಬೆನ್ನು ಮಾಡಿ ಸುಮಾರು 1400 ಕಿಲೋಮೀಟರ್ ಹರಿದು ಪೂರ್ವ ಸಮುದ್ರ ಸೇರುತ್ತಾಳೆ. ನಾವೂ ಕೃಷ್ಣೆಯ ಮಕ್ಕಳೇ ಅಲ್ಲವೆ? ಯಾತ್ರೆಯೆಂದರೆ ಕುಂಭೋಜ, ಕುಂಥಲಗಿರಿ, ಶಿಖರಜಿ. ಸಮುದ್ರದ ದಂಡೆಗೆ ಸುಮ್ಮನೆ ಹೋಗಿ ಕೂಡುವುದು ನಮ್ಮ ಹಿರಿಯರ ಲೆಕ್ಕದಲ್ಲಿ ಕೆಲಸವಿಲ್ಲದವರ ಕೆಲಸ. ಅದರ ಮೇಲೆ ಅಲ್ಲಿ ಮೀನಿನ ವಾಸನೆ. ಊಟದ ಗತಿಯೇನು ಎಂಬ ಚಿಂತೆ ಬೇರೆ.

ಕತ್ತಲೆಯಲ್ಲಿ ಕಂಡ ಸಮುದ್ರ

ನಮ್ಮ ಸಮಾಜದ ಅನೇಕರಂತೆ ನಾವು ಸಮುದ್ರಕ್ಕೆ ಮೊದಲು ಹೋದದ್ದು ಬಾಹುಬಲಿ ಸ್ವಾಮಿಯ ನೆವದಿಂದಲೇ. 1993ರ ಮಹಾಮಸ್ತಕಾಭಿಷೇಕಕ್ಕೆ ಊರಿನಿಂದ ಒಂದು ಬಸ್ಸು ಮಾಡಿಕೊಂಡು ಶ್ರವಣಬೆಳಗೊಳಕ್ಕೆ ಹೋದೆವು. ಅಲ್ಲಿಂದ ಧರ್ಮಸ್ಥಳ, ವೇಣೂರು, ಮೂಡಬಿದಿರೆಯ ಸಾವಿರ ಕಂಬದ ಬಸದಿ, ಕಾರ್ಕಳ. 1432ರಲ್ಲಿ ನಿಂತ ಕಾರ್ಕಳದ ಬಾಹುಬಲಿಯ ಬೆಟ್ಟದ ಮೇಲಿಂದ ಇಳಿದಾಗ ಸಂಜೆ ನಾಲ್ಕೂವರೆ. ಇಲ್ಲಿಂದ ಮಲ್ಪೆಯ ಸಮುದ್ರ ಒಂದು ತಾಸಿನ ದಾರಿ ಎಂದು ಡ್ರೈವರ್ ಹೇಳಿದ. ಹುಡುಗರೆಲ್ಲ ಹೋ ಎಂದರು. ಆದರೆ ಸೂರ್ಯ ಮುಳುಗುವುದರೊಳಗೆ ಊಟ ಆಗಬೇಕಲ್ಲ! ಒಲೆ ಹೂಡಿ, ನೀರು ಸೋಸಿ, ಅನ್ನ ಸಾರು ಮಾಡಿ, ಐವತ್ತು ಜನ ಉಂಡೇಳುವುದರಲ್ಲಿ ಹೊತ್ತು ಮುಳುಗಿತು. ಮಲ್ಪೆ ಮುಟ್ಟಿದಾಗ ಪೂರಾ ಕತ್ತಲೆ. ದೂರದಲ್ಲಿ ದೋಣಿಗಳ ನಾಲ್ಕಾರು ದೀಪ. ಉಳಿದದ್ದೆಲ್ಲ ಬರೀ ಸಪ್ಪಳ.

ನಮ್ಮ ಅವ್ವ ಸೆರಗು ಬಿಗಿಹಿಡಿದು ನಿಂತಿದ್ದಳು. ಆಗ ಅವಳಿಗೆ ಅರವತ್ತಾರು ವರ್ಷ. "ಇಷ್ಟ ದೊಡ್ಡ ಸಪ್ಪಳ ಐತಿ, ಕಣ್ಣಿಗಿ ಮಾತ್ರ ಕಾಣವಲ್ದು" ಎಂದಳು. ಅಷ್ಟಕ್ಕೇ ಎಲ್ಲರೂ ಬಸ್ಸು ಹತ್ತಿದೆವು.

ಅದೇ ಯಾತ್ರೆಯಲ್ಲಿ ಶ್ರವಣಬೆಳಗೊಳದಲ್ಲಿ ಅವ್ವ ಮುನಿಗಳ ಮುಂದೆ ದಿಗ್ವ್ರತ ತೆಗೆದುಕೊಂಡಿದ್ದಳು. ದಿಗ್ವ್ರತವೆಂದರೇನೆಂದು ಈ ಪತ್ರಿಕೆಯ ಓದುಗರಿಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ. ಪೂರ್ವಕ್ಕೆ ಶಿಖರಜಿ, ಉತ್ತರಕ್ಕೆ ಹಸ್ತಿನಾಪುರ, ದಕ್ಷಿಣಕ್ಕೆ ಶ್ರವಣಬೆಳಗೊಳ, ಪಶ್ಚಿಮಕ್ಕೆ ಸಮುದ್ರ. ಇವುಗಳಾಚೆ ತಾನು ಹೋಗುವುದಿಲ್ಲ, ಅಲ್ಲಿಯ ಲಾಭವನ್ನೂ ಬಯಸುವುದಿಲ್ಲ ಎಂದು ಮಾತು ಕೊಟ್ಟಿದ್ದಳು. ಸಮಂತಭದ್ರ ಆಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ದಿಕ್ಕಿನ ಮೇರೆಗಳನ್ನು ಎಣಿಸುವಾಗ ಮೊಟ್ಟಮೊದಲು ಹೇಳುವುದು ಸಮುದ್ರವನ್ನೇ. ನದಿ, ಅಡವಿ, ಬೆಟ್ಟಗಳೆಲ್ಲ ಆಮೇಲೆ. ಆದರೆ ಅವ್ವ ತಾನು ಕಣ್ಣಾರೆ ಕಾಣದ ವಸ್ತುವನ್ನೇ ಪಶ್ಚಿಮದ ಗೆರೆ ಮಾಡಿಕೊಂಡಿದ್ದಳು. ಅದನ್ನು ಅವಳಿಗೆ ಹಗಲಿನಲ್ಲಿ ತೋರಿಸಬೇಕೆಂಬುದು ನನ್ನ ಮನಸ್ಸಿನಲ್ಲಿ ಉಳಿಯಿತು. ಉಳಿದದ್ದು ಹತ್ತು ವರ್ಷ! ಅಂಗಡಿ ಬಿಟ್ಟು ಎರಡು ದಿನ ಹೊರಡುವುದು ವ್ಯಾಪಾರಸ್ಥರಿಗೆ ಎಷ್ಟು ಕಷ್ಟವೆಂದು ನಿಮಗೇ ಗೊತ್ತು.

ಮಾಲವಣ

2003ರ ಡಿಸೆಂಬರಿನಲ್ಲಿ ಕೊನೆಗೂ ಹೊರಟೆವು. ಮಗಳಿಗೆ ಮುಂದಿನ ವರ್ಷ ಇಂಗ್ಲೆಂಡಿನ ಲೆಸ್ಟರಿನಲ್ಲಿ ಓದಲು ಸೀಟು ಸಿಗುವುದಿತ್ತು. ಪಾಸ್‌ಪೋರ್ಟ್ ಬಂದಿತ್ತು. ಹೋಗುವ ಮುನ್ನ ಎಲ್ಲರೂ ಕೂಡಿ ಒಮ್ಮೆ ಹೋಗಿ ಬರೋಣ ಎಂದಳು. ಬೆಳಿಗ್ಗೆ ನಾಲ್ಕಕ್ಕೆ ಆರಗ ಬಿಟ್ಟೆವು. ಮಿರಜ, ಕೊಲ್ಹಾಪುರ, ರಾಧಾನಗರಿ, ಫೋಂಡಾ ಘಾಟು. ಘಾಟು ಇಳಿಯುತ್ತಿದ್ದಂತೆ ಮಣ್ಣು ಕೆಂಪಾಯಿತು, ಗಾಳಿ ಜಿಗಟಾಯಿತು, ತೆಂಗು ಗೋಡಂಬಿ ಶುರುವಾದವು. ಹನ್ನೊಂದರ ಸುಮಾರಿಗೆ ಮಾಲವಣ.

ಮಾಲವಣದ ಬಂದರಿನ ಎದುರಿಗೇ ನೀರಿನ ನಡುವೆ ಸಿಂಧುದುರ್ಗ. ಶಿವಾಜಿ ಮಹಾರಾಜರು 1664ರಲ್ಲಿ ಕುರ್ಟೆ ಎಂಬ ನಡುಗಡ್ಡೆಯ ಮೇಲೆ ಕಟ್ಟಲು ತೊಡಗಿದ ಕೋಟೆ. ಬುನಾದಿಯ ಕಲ್ಲುಗಳನ್ನು ಸೀಸ ಎರೆದು ಕೂಡಿಸಿದ್ದಾರೆ. ಸುತ್ತ ಉಪ್ಪುನೀರಿದ್ದರೂ ಒಳಗೆ ಹಾಲು, ಮೊಸರು, ಸಕ್ಕರೆ ಎಂದು ಹೆಸರಿಟ್ಟ ಮೂರು ಸಿಹಿನೀರಿನ ಬಾವಿಗಳಿವೆ. ದೋಣಿಯಲ್ಲಿ ಹತ್ತು-ಹದಿನೈದು ನಿಮಿಷ. ಮಕ್ಕಳು ಟಿಕೆಟು ತೆಗೆದು ಕೂಗತೊಡಗಿದರು.

ಅವ್ವ ಮಾತ್ರ ಧಕ್ಕೆಯ ಕಲ್ಲಿನ ಮೇಲೆ ಕುಳಿತುಬಿಟ್ಟಳು.

"ನೀವು ಹೋಗಿ ಬರ್ರಿ. ನಾ ಇಲ್ಲೇ ಕುಂಡರತೇನಿ."

"ಆಯಿ, ಹತ್ತ ಮಿನಿಟ ಅಷ್ಟ" ಎಂದಳು ಮಗಳು.

ನಾನೂ ಹೇಳಿದೆ: "ಅವ್ವಾ, ಅದೂ ನೆಲಾನ ಅಲ್ಲೇನು? ಅಲ್ಲಿ ಕಾಣ್ತದ ನೋಡು. ಇಷ್ಟಕ್ಕ ದೋಷ ಆಗೂದಿಲ್ಲ."

"ದೋಷದ ಮಾತಲ್ಲ ತಮ್ಮಾ. ನಾ ಏನಂದಿದ್ನಿ? ಸಮುದ್ರದ ತನಕ ಅಂದಿದ್ನಿ. ಸಮುದ್ರ ಬಂತಲ್ಲ."

ಅವಳನ್ನು ಒಬ್ಬಳನ್ನೇ ಬಿಡಲಾಗದೆ ನಾನೂ ಉಳಿದೆ. ಉಳಿದವರು ಹೋದರು. ನನಗೆ ಮನಸ್ಸಿನಲ್ಲಿ ಸ್ವಲ್ಪ ಬೇಸರವೇ. ಇಷ್ಟು ದೂರ ಬಂದು ಕೋಟೆ ನೋಡದೆ ಕೂಡುವುದೆಂದರೇನು? ಅವ್ವನಿಗೆ ಅದಾವುದೂ ಇರಲಿಲ್ಲ. ನೀರನ್ನು ನೋಡಿಯೇ ನೋಡಿದಳು. ತೆರೆ ಬರುವುದು, ಹೋಗುವುದು. ಎಷ್ಟೋ ಹೊತ್ತಿನ ಮೇಲೆ ಕೇಳಿದಳು:

"ಆ ಕೋಲ್ಡ್ ಸ್ಟೋರೇಜದ ಸಾಲ ಎಷ್ಟ ಅಂದಿ?"

ನನ್ನ ತಮ್ಮ ತಾಸಗಾಂವ ಕಡೆ ಜಾಗ ನೋಡಿ ಬೇದಾಣಾ ಇಡುವ ಕೋಲ್ಡ್ ಸ್ಟೋರೇಜ್ ಕಟ್ಟಬೇಕೆಂದಿದ್ದ. ನಾನೂ ಸಹಿ ಮಾಡಬೇಕಿತ್ತು. "ಮೂವತ್ತೈದು ಲಕ್ಷ" ಎಂದೆ.

"ಅದ ಆದ ಮ್ಯಾಲ?"

"ಚಲೋ ನಡೆದ್ರ ಇನ್ನೊಂದು."

"ಅದ ಆದ ಮ್ಯಾಲ?"

ನನ್ನಲ್ಲಿ ಉತ್ತರವಿರಲಿಲ್ಲ. ಅವ್ವ ಬೈಯಲೂ ಇಲ್ಲ, ಉಪದೇಶ ಮಾಡಲೂ ಇಲ್ಲ. ಗಂಟು ಬಿಚ್ಚಿ ದಶಮಿ, ಶೇಂಗಾ ಚಟ್ನಿ ತೆಗೆದು "ಉಣ್ಣು" ಎಂದಳು.

ಹುಡುಗರು ಮರಳಿ ಬಂದರು. ಚಿಕ್ಕವನು ದಂಡೆಯಲ್ಲಿ ಚಿಪ್ಪು ಆರಿಸಿ ಜೇಬು ತುಂಬಿಕೊಂಡಿದ್ದ. ಒಂದರೊಳಗಿಂದ ಸಣ್ಣ ಏಡಿಯ ಕಾಲು ಹೊರಬಂದಿತು. ಅವ್ವ ಎಲ್ಲ ಚಿಪ್ಪುಗಳನ್ನೂ ಒಂದೊಂದಾಗಿ ನೋಡಿಸಿ, ಜೀವ ಇದ್ದುದನ್ನೆಲ್ಲ ನೀರಿಗೆ ಬಿಡಿಸಿದಳು. ಆಮೇಲೆ ಮಗಳು ಅವಳ ಪಕ್ಕ ಕುಳಿತು ಮೆಲ್ಲಗೆ ಕೇಳಿದಳು: "ಆಯಿ, ನಾ ಸಮುದ್ರ ದಾಟಿ ಹೋದ್ರ ನಿನಗ ಸಿಟ್ಟ ಬರ್ತದೇನು?"

"ನನ್ನ ಗೆರಿ ನಿನ್ನ ಮ್ಯಾಲ ಯಾಕ ಎಳೀಲಿ? ನೀ ಹೋಗು, ಕಲಿ. ನಿಂದು ಅಂತ ಒಂದ ಗೆರಿ ಇರಲಿ, ಅಷ್ಟ" ಎಂದಳು ಅವ್ವ.

ಅಂದು ಸಂಜೆ ತಾರ್ಕರ್ಲಿಯ ಬಿಳಿ ಮರಳಿನ ಮೇಲೆ ಐದೂವರೆಗೇ ಊಟ ಮುಗಿಸಿ, ಕೈ ತೊಳೆದು ಸಾಲಾಗಿ ಕುಳಿತೆವು. ಸೂರ್ಯ ನೀರಿಗೆ ಇಳಿದ. ಊಟದ ಚಿಂತೆಯಿಲ್ಲದೆ ಹೊತ್ತು ಮುಳುಗುವುದನ್ನು ಪೂರಾ ನೋಡಿದ್ದು ಅದೇ ಮೊದಲು. ನಮ್ಮ ಪದ್ಧತಿ ಸಮುದ್ರದ ದಂಡೆಗೆ ಅಡ್ಡಿ ಎಂದುಕೊಂಡಿದ್ದೆ. ಬೇರೆಯವರು ಆ ಹೊತ್ತಿನಲ್ಲಿ ಹೊಟೇಲು ಹುಡುಕುತ್ತಿದ್ದರು. ನಾವು ಆರಾಮವಾಗಿ ಕುಳಿತಿದ್ದೆವು.

ಊರಿಗೆ ಬಂದು ತಮ್ಮನಿಗೆ ನನ್ನಿಂದಾಗುವುದಿಲ್ಲ ಎಂದೆ. ಒಂದು ಅಂಗಡಿ, ಇದ್ದ ಊರು, ನನಗೆ ಇಷ್ಟು ಸಾಕು ಎಂದೆ. ಅವನು ಬಹಳ ನೊಂದುಕೊಂಡ. 2004ರಲ್ಲಿ ಲೆಕ್ಕ ಬೇರೆಯಾಯಿತು. "ನಾ ಕೇಳಿದ ಒಂದ ಮಾತಿಗಿ ಮನಿ ಒಡೀತೇನು?" ಎಂದು ಅವ್ವ ಅತ್ತದ್ದನ್ನು ನಾನು ಮರೆತಿಲ್ಲ. ತಮ್ಮ ಕೋಲ್ಡ್ ಸ್ಟೋರೇಜ್ ಕಟ್ಟಿದ. ಚೆನ್ನಾಗಿಯೇ ನಡೆಯಿತು. ಇಂದು ಅವನವು ಎರಡಿವೆ. ಅದನ್ನು ನೋಡಿದಾಗ ನನಗೆ ಹೊಟ್ಟೆಯಲ್ಲಿ ಏನೂ ಆಗುವುದಿಲ್ಲ ಎಂದರೆ ಸುಳ್ಳಾದೀತು. ಆದರೆ ರಾತ್ರಿ ನಿದ್ದೆ ಬರುತ್ತದೆ.

ಮೆಣಸಿನ ರಾಣಿಯ ನಾಡು

ಅಣ್ಣ ತಮ್ಮಂದಿರು ಮತ್ತೆ ಒಂದೇ ಗಾಡಿಯಲ್ಲಿ ಕುಳಿತದ್ದೂ ಸಮುದ್ರದ ನೆವದಿಂದಲೇ. 2006ರ ಮಹಾಮಸ್ತಕಾಭಿಷೇಕಕ್ಕೆ ಅವ್ವನನ್ನು ತಮ್ಮನೇ ತನ್ನ ಜೀಪಿನಲ್ಲಿ ಕರೆದುಕೊಂಡು ಹೊರಟ. ನನ್ನನ್ನೂ ಕರೆದ. ಮರಳುವಾಗ ದಂಡೆಯ ದಾರಿ ಹಿಡಿದೆವು.

ಕುಂದಾಪುರದ ಮೇಲೆ ಮರವಂತೆಯಲ್ಲಿ ಎಡಕ್ಕೆ ಸಮುದ್ರ, ಬಲಕ್ಕೆ ಸೌಪರ್ಣಿಕಾ ನದಿ, ನಡುವೆ ಹೆದ್ದಾರಿ. ಜೀಪು ನಿಲ್ಲಿಸಿ ಅವ್ವ ಒಮ್ಮೆ ಉಪ್ಪುನೀರು ನೋಡುವಳು, ಒಮ್ಮೆ ತಿರುಗಿ ಹೊಳೆ ನೋಡುವಳು. ಮುಂದೆ ಭಟ್ಕಳ. ವಿಜಯನಗರದ ಕಾಲದಲ್ಲಿ ಸಮುದ್ರದಾಚೆಯಿಂದ ಕುದುರೆಗಳು ಬಂದು ಇಳಿಯುತ್ತಿದ್ದ ಬಂದರು. ಊರ ಪೇಟೆಯಲ್ಲಿಯೇ ಜಟ್ಟಪ್ಪ ನಾಯಕನ ಚಂದ್ರನಾಥೇಶ್ವರ ಬಸದಿ. ಎದುರಿಗೆ ಎತ್ತರದ ಮಾನಸ್ತಂಭ. ಮೀನುಪೇಟೆಯ ಊರಿನಲ್ಲಿ ನಮ್ಮ ಬಸದಿಯೇ ಎಂದು ನನ್ನ ಹೆಂಡತಿಗೆ ಬೆರಗು.

ಆದರೆ ದಂಡೆಯ ಈ ಭಾಗ ನಮ್ಮವರಿಗೆ ಪರಕೀಯವೇ ಆಗಿರಲಿಲ್ಲ. ಹೊನ್ನಾವರದಿಂದ ಶರಾವತಿಯ ದಂಡೆ ಹಿಡಿದು ಒಳಗೆ ಹೋದರೆ ಗೇರುಸೊಪ್ಪೆ. ಹಳೆಯ ಹೆಸರು ನಗಿರೆ. ಹದಿನಾರನೆಯ ಶತಮಾನದಲ್ಲಿ ಇಲ್ಲಿ ಅರ್ಧ ಶತಮಾನದಷ್ಟು ಕಾಲ ಆಳಿದ ಚೆನ್ನಭೈರಾದೇವಿ ಜೈನ ರಾಣಿ. ಘಟ್ಟದ ಕರಿಮೆಣಸು ಅವಳ ನಾಡಿನಿಂದ ಇಳಿದು ಹೊನ್ನಾವರ, ಭಟ್ಕಳಗಳಲ್ಲಿ ಹಡಗು ಹತ್ತುತ್ತಿತ್ತು. ಪೋರ್ಚುಗೀಜರು ಅವಳನ್ನು ಮೆಣಸಿನ ರಾಣಿ ಎಂದೇ ಕರೆದರು. ಅಲ್ಲಿಯ ಚತುರ್ಮುಖ ಬಸದಿಗೆ ದೋಣಿಯಲ್ಲಿ ಶರಾವತಿ ದಾಟಿ ಹೋದೆವು. ಅವ್ವ ಹತ್ತುವಳೋ ಇಲ್ಲವೋ ಎಂದು ನಾವು ನೋಡುತ್ತ ನಿಂತರೆ, "ಹೊಳಿ ಸಮುದ್ರ ಹೆಂಗ ಆದೀತು?" ಎಂದು ಎಲ್ಲರಿಗಿಂತ ಮೊದಲು ಹತ್ತಿ ಕುಳಿತಳು! ಕಾಡಿನ ನಡುವೆ ನಾಲ್ಕು ದಿಕ್ಕಿಗೂ ಬಾಗಿಲು, ಬೆನ್ನಿಗೆ ಬೆನ್ನು ಹಚ್ಚಿ ಕುಳಿತ ನಾಲ್ಕು ಜಿನಬಿಂಬಗಳು. ಮೆಣಸಿನ ಹಣ ಯಾವ ದಾರಿಯಿಂದ ಬಂದು ಎಲ್ಲಿ ಮುಟ್ಟಿತೋ ಎಂದು ನಾವಿಬ್ಬರೂ ಅಣ್ಣ ತಮ್ಮಂದಿರು ಅಂದು ಬಹಳ ಹೊತ್ತು ಮಾತಾಡಿದೆವು. ಎರಡು ವರ್ಷದಲ್ಲಿ ಅಷ್ಟು ಮಾತಾಡಿರಲಿಲ್ಲ.

ಕಾರವಾರದ ದಂಡೆ ನೋಡಿ ಊರಿಗೆ ಮರಳಿದೆವು. ರವೀಂದ್ರನಾಥ ಠಾಕೂರರು ತಮ್ಮ ಹರೆಯದಲ್ಲಿ ಬಂದು ಉಳಿದ ದಂಡೆ ಅದು. 2009ರಲ್ಲಿ ಅವ್ವ ತೀರಿಕೊಂಡಳು.

ಆಚೆಯ ದಂಡೆ

ಮಗಳು ಓದು ಮುಗಿಸಿ ಲೆಸ್ಟರಿನಲ್ಲಿಯೇ ನೌಕರಿ ಹಿಡಿದಳು. ಅಲ್ಲಿ 1988ರಲ್ಲಿ ಪ್ರತಿಷ್ಠೆಯಾದ ಜೈನ ಮಂದಿರವಿದೆ. ಹಿಂದೆ ಚರ್ಚ್ ಆಗಿದ್ದ ಕಟ್ಟಡಕ್ಕೆ ಅಮೃತಶಿಲೆಯ ಕೆತ್ತನೆ ಹಚ್ಚಿ ಮಾಡಿದ್ದು. 2017ರ ಜೂನ್ ತಿಂಗಳಲ್ಲಿ ನಾವಿಬ್ಬರೂ ಹೋಗಿದ್ದೆವು. ಶನಿವಾರ ರವಿವಾರ ಬಂದರೆ ಅಲ್ಲಿಯ ಜನ ಸಮುದ್ರಕ್ಕೆ ಓಡುತ್ತಾರೆ. ನಮ್ಮನ್ನೂ ಒಯ್ದಳು.

ಲೆಸ್ಟರಿನವರಿಗೆ ಹತ್ತಿರದ ದಂಡೆ ಸ್ಕೆಗ್‌ನೆಸ್. ಉದ್ದನೆಯ ಮರಳು, ಚಳಿಗಾಳಿ, ಜಾತ್ರೆಯಲ್ಲಿದ್ದಂತೆ ತೊಟ್ಟಿಲು, ತಿರುಗಣಿ. ಇಳಿತದ ಹೊತ್ತಿಗೆ ಸಮುದ್ರ ದೂರ ಸರಿದುಬಿಡುತ್ತದೆ. ಅದು ಪೂರ್ವದ ದಂಡೆ. ಅಲ್ಲಿ ಸೂರ್ಯ ನೀರಿನಿಂದ ಏಳುತ್ತಾನೆ, ನೀರಿಗೆ ಇಳಿಯುವುದಿಲ್ಲ. ಇನ್ನೂ ಉತ್ತರಕ್ಕೆ ಸ್ಕಾರ್ಬರೋ. ಎರಡು ಕೊಲ್ಲಿಗಳ ನಡುವಿನ ಗುಡ್ಡದ ಮೇಲೆ ಹಾಳು ಕೋಟೆ. ಹದಿನೇಳನೆಯ ಶತಮಾನದಲ್ಲಿ ಅಲ್ಲಿಯ ಬುಗ್ಗೆಯ ನೀರು ರೋಗ ಕಳೆಯುತ್ತದೆಂದು ಜನ ಬರತೊಡಗಿ ಅದು ಪ್ರವಾಸದ ಊರಾಯಿತು.

ನನಗೆ ಹಿಡಿಸಿದ್ದು ಬ್ರೈಟನ್. ಅಲ್ಲಿ ಮರಳಿಲ್ಲ, ಬರೀ ದುಂಡು ಕಲ್ಲು. ಹದಿನೆಂಟನೆಯ ಶತಮಾನದ ನಡುವಿನಲ್ಲಿ ರಿಚರ್ಡ್ ರಸೆಲ್ ಎಂಬ ವೈದ್ಯ, ಸಮುದ್ರದ ನೀರಿನಲ್ಲಿ ಮಿಂದರೆ, ಅದನ್ನು ಕುಡಿದರೂ ರೋಗ ವಾಸಿ ಎಂದು ಬರೆದ. ಆಮೇಲೆ ರಾಜಕುಮಾರ ಬಂದ, ಅರಮನೆ ಬಂತು, 1841ರಲ್ಲಿ ಲಂಡನ್ನಿನಿಂದ ರೈಲು ಬಂತು. ಬೆಸ್ತರ ಊರು ಪಟ್ಟಣವಾಯಿತು. ಆ ಅರಮನೆಗೆ ನಮ್ಮ ದೇಶದ ಮಾದರಿಯ ಗುಮ್ಮಟಗಳು. ಮೊದಲ ಮಹಾಯುದ್ಧದಲ್ಲಿ, 1914ರ ಕೊನೆಯಿಂದ 1916ರ ಆರಂಭದವರೆಗೆ, ಅದನ್ನೇ ಗಾಯಗೊಂಡ ಭಾರತೀಯ ಸೈನಿಕರ ಆಸ್ಪತ್ರೆ ಮಾಡಿದ್ದರು. ಬೇರೆಬೇರೆ ಜಾತಿಧರ್ಮದವರಿಗಾಗಿ ಒಂಬತ್ತು ಅಡಿಗೆಮನೆಗಳಿದ್ದವಂತೆ. ಸಮುದ್ರ ದಾಟಿ ಹೋದರೂ ನಮ್ಮ ಜನರ ಅಡಿಗೆಯ ಕಟ್ಟುಪಾಡು ಬಿಟ್ಟಿರಲಿಲ್ಲ ನೋಡಿ! ಬದುಕದೆ ಹೋದ ಹಿಂದೂ ಮತ್ತು ಸಿಖ್ ಸೈನಿಕರನ್ನು ಊರ ಮೇಲಿನ ಗುಡ್ಡದಲ್ಲಿ ದಹನ ಮಾಡಿದರು. ಆ ಜಾಗದಲ್ಲಿ 1921ರಲ್ಲಿ ಅನಾವರಣಗೊಂಡ ಬಿಳಿ ಅಮೃತಶಿಲೆಯ ಛತ್ರಿ ಇದೆ. ಹುಲ್ಲುಗಾವಲಿನ ನಡುವೆ ಅದೊಂದೇ ನಿಂತಿದೆ. ಅಲ್ಲಿಂದ ದೂರಕ್ಕೆ ಸಮುದ್ರ ಕಾಣುತ್ತದೆ. ಮನೆಯವರ ಹಿಂದಿರುಗುವಿಕೆಗೆ ಕಾದ ಎಷ್ಟೋ ಅವ್ವಂದಿರು ಈ ಕಡೆಯ ದಂಡೆಯಲ್ಲಿ ಇದ್ದಿರಬೇಕು.

ಅಲ್ಲಿ ಊಟದ ಮಾತು. ಜೂನಿನಲ್ಲಿ ಸೂರ್ಯ ಮುಳುಗುವುದು ರಾತ್ರಿ ಒಂಬತ್ತರ ಮೇಲೆ; ಎಂಟಕ್ಕೆ ಉಂಡರೂ ಹಗಲೂಟವೇ. ಡಿಸೆಂಬರಿನಲ್ಲಿ ಮಾತ್ರ ನಾಲ್ಕರೊಳಗೆ ಉಣ್ಣಬೇಕೆಂದು ಮಗಳು ನಕ್ಕಳು. ಇನ್ನೊಂದು ಎಚ್ಚರಿಕೆ. ದಂಡೆಯ ಅಂಗಡಿಗಳಲ್ಲಿ ಕರಿದ ಬಟಾಟೆ ತಿನ್ನುವವರು, ಯಾವುದರಲ್ಲಿ ಕರಿದರೆಂದು ಕೇಳಿಯೇ ಕೊಳ್ಳಬೇಕು. ಅನೇಕ ಕಡೆ ದನದ ಕೊಬ್ಬಿನಲ್ಲಿ ಕರಿಯುತ್ತಾರೆ. ನಾವು ಅಲ್ಲಿಯೂ ದಶಮಿಯ ಗಂಟು ಒಯ್ದಿದ್ದೆವು.

ಬ್ರೈಟನ್ನಿನ ಕಲ್ಲಿನ ಮೇಲೆ ಕುಳಿತಾಗ ಮಗಳು ತಾನಾಗಿಯೇ ಹೇಳಿದಳು. ಲಂಡನ್ನಿನಲ್ಲಿ ದೊಡ್ಡ ಸಂಬಳದ ಕೆಲಸ ಬಂದಿತ್ತಂತೆ. ವಾರದಲ್ಲಿ ನಾಲ್ಕು ದಿನ ಮಕ್ಕಳ ಮುಖ ಕಾಣದಂಥದ್ದು. ಬೇಡವೆಂದಳಂತೆ. "ಆಯಿ ಗೆರಿ ಅಂದಿದ್ಲಲ್ಲ ಅಪ್ಪಾ, ಅದ ನೆನಪಾತು" ಎಂದಳು. ನಾನು ಏನೂ ಮಾತಾಡಲಿಲ್ಲ.

ಹೋಗುವವರಿಗೆ ನಾಲ್ಕು ಮಾತು

ನಮ್ಮ ಭಾಗದಿಂದ ಸಮುದ್ರಕ್ಕೆ ಹೋಗಲು ನವೆಂಬರಿನಿಂದ ಫೆಬ್ರುವರಿ ಒಳ್ಳೆಯ ಕಾಲ. ಮಳೆಗಾಲದಲ್ಲಿ ಸಮುದ್ರ ಉಗ್ರವಾಗಿರುತ್ತದೆ, ಸಿಂಧುದುರ್ಗದ ದೋಣಿಗಳೂ ನಿಲ್ಲುತ್ತವೆ. ರತ್ನಾಗಿರಿಗೆ ಆಂಬಾ ಘಾಟಿನಿಂದ ಇಳಿಯಬೇಕು. ಬ್ರಹ್ಮದೇಶದ ರಾಜ ಥೀಬಾನನ್ನು ಬ್ರಿಟಿಷರು ಸೆರೆಯಿಟ್ಟಿದ್ದ ಅರಮನೆ ಅಲ್ಲಿದೆ; ಅವನು 1916ರಲ್ಲಿ ಅಲ್ಲಿಯೇ ತೀರಿಕೊಂಡ. ಗಣಪತಿಪುಳೆಯ ದಂಡೆ ನೋಡಲು ಚೆಂದ, ಆದರೆ ನೀರಿನ ಸೆಳೆತ ಅಪಾಯದ್ದು. ಹುಡುಗರನ್ನು ಮೊಣಕಾಲಿನಾಚೆ ಬಿಡಬೇಡಿ. ಅಮಾವಾಸ್ಯೆ ಹುಣ್ಣಿಮೆಗಳಲ್ಲಿ ಭರತ ದೊಡ್ಡದು. ಹೊತ್ತು ಯಾವುದೆಂದು ಊರಿನ ಬೆಸ್ತರನ್ನು ಕೇಳಿಕೊಳ್ಳಿ. ಸೋಸಿದ ನೀರು, ಎರಡು ಹೊತ್ತಿನ ಬುತ್ತಿ ಜೊತೆಗಿರಲಿ. ಕೊಂಕಣದ ಮನೆಗಳಲ್ಲಿ ಬೆಳ್ಳುಳ್ಳಿ ಇಲ್ಲದ ಸೋಲಕಡಿ ಕೇಳಿದರೆ ಮಾಡಿಕೊಡುತ್ತಾರೆ. ಮನೆಯಲ್ಲಿ ಹಿರಿಯರಿದ್ದರೆ ಅವರನ್ನು ಈ ವರ್ಷವೇ ಕರೆದುಕೊಂಡು ಹೋಗಿ. ನಾನು ಹತ್ತು ವರ್ಷ ತಡಮಾಡಿದೆ.

ಯಾವ ದಂಡೆ ಚೆಂದವೆಂದು ಈಗ ಮೊಮ್ಮಕ್ಕಳು ಕೇಳುತ್ತಾರೆ. ಮರವಂತೆ ಚೆಂದ, ತಾರ್ಕರ್ಲಿ ಚೆಂದ, ಬ್ರೈಟನ್ ಕೂಡ ಚೆಂದ. ನನಗೆ ಮಾತ್ರ ಮಾಲವಣದ ಧಕ್ಕೆಯ ಆ ಕಲ್ಲು. ಆಮೇಲೆ ಎಷ್ಟೋ ಸಲ ಹೋಗಿದ್ದೇನೆ, ಕೋಟೆಯನ್ನೂ ನೋಡಿ ಬಂದಿದ್ದೇನೆ. ಆದರೂ ಮೊದಲು ಸ್ವಲ್ಪ ಹೊತ್ತು ಆ ಕಲ್ಲಿನ ಮೇಲೆ ಕುಳಿತೇ ದೋಣಿ ಹತ್ತುವುದು. ಬರುವ ಡಿಸೆಂಬರಿಗೆ ತಮ್ಮನೂ ಬರುತ್ತೇನೆಂದಿದ್ದಾನೆ. ಎರಡು ದಿನ ಅಂಗಡಿ ಮುಚ್ಚುವೆನೆಂದು ಈಗಲೇ ಗುಮಾಸ್ತನಿಗೆ ಹೇಳಿಟ್ಟಿದ್ದೇನೆ.